ಪಿಯೊನಿಯ ಗೆಡ್ಡೆ: ಮನೆಯ ತೋಟ ಕಾಪಾಡಿದ ಒಂದು ದಾಖಲೆ

೧

ಚರಿತ್ರೆಯ ಆಕರಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ, ಕಡತ ಮೊದಲಾದುವು. ಇವೆಲ್ಲ ಕಾಲದ ಹೊಡೆತವನ್ನು ಸಹಿಸಿ ಉಳಿದುಬಂದ ನಿರ್ಜೀವ ವಸ್ತುಗಳು. ಮನುಷ್ಯನು ತನ್ನ ಕೈಯಾರೆ ನೆಟ್ಟು, ಬೆಳೆಸಿ, ಮಕ್ಕಳು ಮೊಮ್ಮಕ್ಕಳಿಗೆ ಒಪ್ಪಿಸಿಹೋದ ಗಿಡಗಳೂ ಒಂದು ಬಗೆಯ ಆಕರಗಳೇ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬೀಜದಿಂದ ಬೆಳೆಯುವ ಗಿಡ ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಹೋಗಬಹುದು. ಬೇರನ್ನು ಸೀಳಿ ನೆಟ್ಟು ಬೆಳೆಸುವ ಗಿಡದ ಸಂಗತಿ ಬೇರೆ. ಅಲ್ಲಿ ಹೊಸ ಗಿಡವು ಹಳೆಯ ಗಿಡದ ಸಂತಾನವಲ್ಲ; ಹಳೆಯ ಗಿಡದ ಶರೀರವೇ ಆಗಿದೆ. ಅಂತಹ ಒಂದು ಗಿಡದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಗಿಡ ಪಿಯೊನಿ.

ಪಿಯೊನಿಯಲ್ಲಿ ಮುಖ್ಯವಾಗಿ ಎರಡು ವರ್ಗಗಳಿವೆ. ಒಂದು ಮರದಂತೆ ಗಟ್ಟಿಯಾದ ಕಾಂಡವುಳ್ಳದ್ದು. ಅದನ್ನು ಮರಪಿಯೊನಿ ಎನ್ನಬಹುದು. ಇನ್ನೊಂದು ಮೃದುಕಾಂಡದ್ದು. ಚಳಿಗಾಲ ಬಂದೊಡನೆ ನೆಲದ ಮೇಲಿನ ಭಾಗವೆಲ್ಲ ಬಾಡಿ ಹೋಗಿ, ಮಣ್ಣಿನೊಳಗೆ ಗೆಡ್ಡೆ ಮಾತ್ರ ಉಳಿದು, ವಸಂತದಲ್ಲಿ ಕೆಂಪು ಕುಡಿಗಳೊಡನೆ ಮತ್ತೆ ಮೇಲೆದ್ದು ಬರುವುದು ಈ ಎರಡನೆಯ ವರ್ಗದ ಲಕ್ಷಣ. ನಮ್ಮ ವಿಷಯ ಈ ಮೃದುಕಾಂಡದ ಪಿಯೊನಿ. ಅದರ ಹೂವು ಅಂಗೈಯನ್ನು ತುಂಬುವಷ್ಟು ದೊಡ್ಡದು; ಬಿಳಿ, ಗುಲಾಬಿ, ಕಡುಗೆಂಪು ಬಣ್ಣಗಳಲ್ಲಿ ಬಿಡುತ್ತದೆ; ಕೆಲವು ತಳಿಗಳಲ್ಲಿ ಒಳ್ಳೆಯ ಪರಿಮಳವೂ ಉಂಟು. ಚೀನ, ಜಪಾನ್, ಯುರೋಪ್ ಮತ್ತು ಉತ್ತರ ಅಮೆರಿಕಗಳ ಮನೆಯ ತೋಟಗಳಲ್ಲಿ ಇದು ಬಹುಕಾಲದಿಂದ ಪ್ರಸಿದ್ಧವಾದುದು.

ಈ ಗಿಡದ ಚರಿತ್ರೆಯನ್ನು ಬರೆಯುವವನ ಮುಂದೆ ಎರಡು ಬಗೆಯ ಆಧಾರಗಳಿವೆ. ಒಂದು ಬರಹ, ಇನ್ನೊಂದು ಗೆಡ್ಡೆ. ಕೆಲವೆಡೆ ಬರಹ ಉಳಿದಿದೆ, ಗೆಡ್ಡೆಯ ಪರಂಪರೆ ಕಡಿದುಹೋಗಿದೆ. ಕೆಲವೆಡೆ ಗೆಡ್ಡೆ ಉಳಿದಿದೆ, ಅದನ್ನು ನೆಟ್ಟವರು ಯಾರೆಂಬ ಬರಹವಿಲ್ಲ. ಇವೆರಡೂ ಒಂದುಗೂಡಿದಲ್ಲಿ ಮಾತ್ರ ಚರಿತ್ರೆ ನಿಶ್ಚಿತವಾಗುತ್ತದೆ. ಅವನ್ನು ಒಂದುಗೂಡಿಸಿಟ್ಟುಕೊಂಡು ಬಂದುದರಲ್ಲಿ ಅರಮನೆಗಳಿಗಿಂತ ಸಾಮಾನ್ಯರ ತೋಟಗಳ ಪಾತ್ರವೇ ಹೆಚ್ಚಿನದೆಂದು ನಮಗೆ ತೋರುತ್ತದೆ.

೨

ಚರಿತ್ರೆಗೆ ಹೋಗುವ ಮೊದಲು ಈ ಗಿಡದ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. ನೆಡುವ ಕ್ರಮವನ್ನು ಅರಿಯದಿದ್ದರೆ ಪ್ರಾಚೀನ ಲೇಖಕರ ಮಾತುಗಳ ಅರ್ಥ ನಮಗೆ ಆಗಲಾರದು.

ಪಿಯೊನಿಯ ಗೆಡ್ಡೆಯ ನೆತ್ತಿಯಲ್ಲಿ ಕೆಂಪಗಿನ ಅಥವಾ ಬೆಳ್ಳಗಿನ ಮೊಳಕೆಗಣ್ಣುಗಳಿರುತ್ತವೆ. ಮುಂದಿನ ವಸಂತದ ಕಾಂಡ, ಎಲೆ, ಹೂವುಗಳೆಲ್ಲ ಈ ಕಣ್ಣುಗಳೊಳಗೆ ಹಿಂದಿನ ಶರತ್ಕಾಲದಲ್ಲಿಯೇ ಸಿದ್ಧವಾಗತೊಡಗುತ್ತವೆ. ಆದರೆ ಅವು ಎಚ್ಚರಗೊಂಡು ಮೇಲಕ್ಕೆ ಬರಬೇಕಾದರೆ ಹಲವು ವಾರಗಳ ಕಾಲ ನಿಜವಾದ ಚಳಿ, ಎಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪವಾದ ಚಳಿ, ಬೇಕು. ಈ ಚಳಿ ದೊರೆಯದಿದ್ದರೆ ಕಣ್ಣುಗಳು ಮಲಗಿಯೇ ಇರುತ್ತವೆ. ಎದ್ದರೂ ಹೂವು ಕಾಣದು. ನಮ್ಮ ಮೈಸೂರು, ಬೆಂಗಳೂರುಗಳ ತೋಟಗಳಲ್ಲಿ ಈ ಗಿಡ ನೆಲೆಗೊಳ್ಳದಿರುವುದಕ್ಕೆ ಕಾರಣ ಮಣ್ಣಲ್ಲ, ಆರೈಕೆಯ ಕೊರತೆಯೂ ಅಲ್ಲ. ನಮ್ಮ ಚಳಿಗಾಲದ ಸೌಮ್ಯತೆ.

ನೆಡುವ ಕಾಲ ಶರದೃತು. ಒಂದು ತುಂಡಿನಲ್ಲಿ ಮೂರರಿಂದ ಐದು ಕಣ್ಣುಗಳಿರುವಂತೆ ಗೆಡ್ಡೆಯನ್ನು ಸೀಳುತ್ತಾರೆ. ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಆಳವಾಗಿ ಅಗೆದು, ಚೆನ್ನಾಗಿ ಕೊಳೆತ ಗೊಬ್ಬರವನ್ನು ತಳದಲ್ಲಿ ಬೆರೆಸಿ, ಕಣ್ಣುಗಳು ನೆಲಮಟ್ಟದಿಂದ ಒಂದೆರಡು ಅಂಗುಲಕ್ಕಿಂತ ಕೆಳಗೆ ಹೋಗದಂತೆ ಗೆಡ್ಡೆಯನ್ನು ಇಡುತ್ತಾರೆ. ಗಿಡದಿಂದ ಗಿಡಕ್ಕೆ ಸುಮಾರು ೩ ಅಡಿ ಅಂತರವಿರಬೇಕು. ಹೆಚ್ಚು ಆಳಕ್ಕೆ ಇಟ್ಟರೆ ಎಲೆ ಸಮೃದ್ಧವಾಗಿ ಬಂದು ಹೂವು ಬಾರದೆ ಹೋಗುತ್ತದೆ. ಅನುಭವವಿಲ್ಲದವರು ಮಾಡುವ ತಪ್ಪುಗಳಲ್ಲಿ ಇದು ಮುಖ್ಯವಾದುದು. ಮೊದಲನೆಯ ವರ್ಷ ಹೂವು ಅಪರೂಪ. ತಳಿಯ ನಿಜವಾದ ರೂಪ, ಬಣ್ಣ, ಗಾತ್ರಗಳು ಕಾಣಬೇಕಾದರೆ ಮೂರು ವರ್ಷ ಕಾಯಬೇಕು. ಶರತ್ಕಾಲದಲ್ಲಿ ಒಣಗಿದ ಎಲೆಕಾಂಡಗಳನ್ನು ಕೊಯ್ದು ತೋಟದಿಂದ ಹೊರಗೆ ಹಾಕದಿದ್ದರೆ, ಬೂದು ಬೂಸಲು ಅವುಗಳಲ್ಲಿ ಉಳಿದುಕೊಂಡು ಮರುವರ್ಷದ ಮೊಗ್ಗುಗಳನ್ನು ಕಪ್ಪಾಗಿಸುತ್ತದೆ. ಇಷ್ಟನ್ನು ಸರಿಯಾಗಿ ಮಾಡಿದಲ್ಲಿ ಅದೇ ಗಿಡ ಅದೇ ಜಾಗದಲ್ಲಿ ೫೦ ವರ್ಷಗಳಿಗೂ ಮಿಕ್ಕಿ ಬದುಕುವುದುಂಟು.

ಬೀಜದ ಮಾರ್ಗ ಇನ್ನೂ ನಿಧಾನ. ಬಿತ್ತಿದ ಬೀಜ ಮೊದಲು ಬೆಚ್ಚಗಿನ ಮಣ್ಣಿನಲ್ಲಿ ಬೇರನ್ನು ಮಾತ್ರ ಇಳಿಸಿ, ಒಂದು ಚಳಿಗಾಲವನ್ನು ಕಳೆದ ಮೇಲೆಯೇ ಕುಡಿಯನ್ನು ಮೇಲಕ್ಕೆ ಕಳುಹಿಸುತ್ತದೆ. ಹೂವು ಬಿಡಲು ನಾಲ್ಕೈದು ವರ್ಷ ಹಿಡಿಯುತ್ತದೆ. ಬಂದ ಹೂವಾದರೂ ತಾಯಿಗಿಡದ ಹೂವನ್ನು ಹೋಲುವುದೆಂಬ ಭರವಸೆಯಿಲ್ಲ. ಆದುದರಿಂದ ಒಂದು ತಳಿಯನ್ನು ಉಳಿಸಿಕೊಳ್ಳಲು ಗೆಡ್ಡೆಯನ್ನು ಸೀಳಿ ನೆಡುವುದೇ ದಾರಿ. ಈ ಸಂಗತಿಯ ಮೇಲೆ ನಮ್ಮ ಮುಂದಿನ ವಿಚಾರವೆಲ್ಲ ನಿಂತಿದೆ.

೩

ಯುರೋಪಿನ ಬರಹಗಳಲ್ಲಿ ಪಿಯೊನಿ ಮೊದಲು ಕಾಣಿಸಿಕೊಳ್ಳುವುದು ಹೂವಾಗಿ ಅಲ್ಲ, ಔಷಧದ ಬೇರಾಗಿ. ಗ್ರೀಕರ ದೇವತೆಗಳ ವೈದ್ಯನಾದ ಪಯೋನನ ಹೆಸರಿನಿಂದಲೇ ಗಿಡಕ್ಕೆ ಈ ಹೆಸರು ಬಂದಿದೆ. ಕ್ರಿ. ಪೂ. ೪ನೆಯ ಶತಮಾನದ ಕೊನೆಯ ಭಾಗದಲ್ಲಿ ಸಸ್ಯಗಳ ವಿಚಾರವಾಗಿ ಬರೆದ ಥಿಯೊಫ್ರಾಸ್ಟಸ್, ಬೇರು ಅಗೆಯುವವರಲ್ಲಿ ರೂಢಿಯಲ್ಲಿದ್ದ ಒಂದು ನಂಬಿಕೆಯನ್ನು ದಾಖಲೆ ಮಾಡಿದ್ದಾನೆ. ಪಿಯೊನಿಯನ್ನು ರಾತ್ರಿಯಲ್ಲಿ ಅಗೆಯಬೇಕು. ಹಗಲಿನಲ್ಲಿ ಕಾಯಿ ಕೀಳುವಾಗ ಮರಕುಟಿಗ ಕಂಡರೆ ಕೀಳುವವನ ಕಣ್ಣಿಗೆ ಅಪಾಯ ಎಂಬುದು ಆ ನಂಬಿಕೆ. ಇದು ಎಳೆದು ತಂದ ಮಾತೆಂದು ಥಿಯೊಫ್ರಾಸ್ಟಸನೇ ತಳ್ಳಿಹಾಕಿದ್ದಾನೆ. ಕೇಳಿದುದನ್ನು ಬರೆದಿಡುವುದು, ಬರೆದಿಟ್ಟುದನ್ನು ಪರೀಕ್ಷಿಸುವುದು ಎಂಬ ಎರಡು ಕೆಲಸಗಳನ್ನೂ ಆತ ಒಟ್ಟಿಗೆ ಮಾಡಿದುದು ಗಮನಾರ್ಹ. ಬೇರಿಗೆ ಬೆಲೆಯಿದ್ದಾಗ ಅದನ್ನು ಅಗೆಯುವವರು ಇತರರನ್ನು ಹೆದರಿಸಿ ದೂರವಿಡಲು ಇಂತಹ ಕಥೆಗಳನ್ನು ಹರಡಿರಬಹುದೆಂದು ಊಹಿಸಲು ಅವಕಾಶವಿದೆ.

ಕ್ರಿ. ಶ. ೨ನೆಯ ಶತಮಾನದ ವೈದ್ಯ ಗೇಲನ್ ಮೂರ್ಛೆರೋಗದ ಬಾಲಕನೊಬ್ಬನ ಪ್ರಸಂಗವನ್ನು ಹೇಳುತ್ತಾನೆ. ಕೊರಳಿಗೆ ಪಿಯೊನಿಯ ಬೇರನ್ನು ಕಟ್ಟಿದ್ದಷ್ಟು ದಿನ ಬಾಲಕನಿಗೆ ಮೂರ್ಛೆ ಬರಲಿಲ್ಲ. ಬೇರು ಜಾರಿ ಬಿದ್ದೊಡನೆ ಬಂದಿತು. ಮತ್ತೆ ಕಟ್ಟಲು ನಿಂತಿತು ಎಂಬುದು ಆ ವೃತ್ತಾಂತ. ಕೊರಳಿಗೆ ಕಟ್ಟಿದ ಬೇರಿನಿಂದ ಮೂರ್ಛೆ ಗುಣವಾಗುವುದೆಂದು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ಈ ಪ್ರಸಂಗದ ಪರಿಣಾಮ ದೊಡ್ಡದು. ಗ್ರೀಕರ ವೈದ್ಯವು ಅರಬ್ಬರ ಮೂಲಕ ಪೂರ್ವಕ್ಕೆ ಹರಿದು ಯುನಾನಿ ಪದ್ಧತಿಯಾಗಿ ಭಾರತಕ್ಕೆ ಬಂದಾಗ ಈ ಬೇರೂ ಅದರೊಡನೆ ಬಂದಿತು. ಯುನಾನಿ ವೈದ್ಯರು ಅದನ್ನು 'ಊದ್ ಸಲೀಬ್', ಎಂದರೆ ಶಿಲುಬೆಯ ಕಡ್ಡಿ, ಎಂದು ಕರೆದು ಮೂರ್ಛೆಗೇ ಹೇಳುತ್ತ ಬಂದಿದ್ದಾರೆ. ಭಾರತದಲ್ಲಿ ಈ ಹೆಸರಿನಿಂದ ಬಳಕೆಯಲ್ಲಿರುವುದು ಕಾಶ್ಮೀರದಿಂದ ಪೂರ್ವಕ್ಕೆ ಹಿಮಾಲಯದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ ಬಿಳಿ ಹೂವಿನ ಪಿಯೊನಿಯ ಬೇರು. ಯುನಾನಿ ವೈದ್ಯದ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನಲ್ಲಿಯೇ ಇರುವುದರಿಂದ, ಹೂವನ್ನು ಕಾಣದ ಕನ್ನಡ ನಾಡಿಗೂ ಆ ಬೇರಿನ ಹೆಸರು ತೀರ ಅಪರಿಚಿತವಲ್ಲ.

ಮಧ್ಯಯುಗದ ಯುರೋಪಿನಲ್ಲಿ ಮಠಗಳ ಮೂಲಿಕೆ ತೋಟಗಳು ಪಿಯೊನಿಯನ್ನು ಬೆಳೆಸಿದುವು. ಇಂಗ್ಲೆಂಡಿನಲ್ಲಿ ಅದರ ಬೀಜ ಮಸಾಲೆಯಾಗಿಯೂ ಬಳಕೆಯಲ್ಲಿತ್ತು. ೧೪ನೆಯ ಶತಮಾನದ ಒಂದು ಇಂಗ್ಲಿಷ್ ಕಾವ್ಯದಲ್ಲಿ ಹೆಂಡದಂಗಡಿಯ ಸರಕುಗಳ ನಡುವೆ, ಮೆಣಸು ಬೆಳ್ಳುಳ್ಳಿಗಳ ಜತೆಗೆ, ಅದರ ಹೆಸರು ಬಂದಿದೆ. ಇದೇ ಸಂದರ್ಭದಲ್ಲಿ ಬ್ರಿಸ್ಟಲ್ ಕೊಲ್ಲಿಯ ಸ್ಟೀಪ್ ಹೋಮ್ ಎಂಬ ಸಣ್ಣ ದ್ವೀಪವನ್ನು ನೆನೆಯಬೇಕು. ೧೮೦೩ರಲ್ಲಿ ಅಲ್ಲಿಯ ಬಂಡೆಗಳ ನಡುವೆ ದಕ್ಷಿಣ ಯುರೋಪಿನ ಒಂದು ಜಾತಿಯ ಪಿಯೊನಿ ಕಾಡುಗಿಡದಂತೆ ಬೆಳೆದಿರುವುದು ಕಂಡುಬಂದಿತು. ಅದೇ ದ್ವೀಪದಲ್ಲಿ ಮಧ್ಯಯುಗದ ಕ್ರೈಸ್ತ ಮಠವೊಂದರ ಅವಶೇಷಗಳಿವೆ. ಸನ್ಯಾಸಿಗಳು ಔಷಧಕ್ಕಾಗಿ ನೆಟ್ಟ ಗಿಡದ ಸಂತತಿಯೇ ಇದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆದರೆ ನೆಟ್ಟವರಾರು, ಯಾವ ವರ್ಷ ನೆಟ್ಟರು ಎಂಬುದಕ್ಕೆ ಒಂದು ಪಂಕ್ತಿಯ ಬರಹವೂ ಇಲ್ಲ. ಮಠ ಪಾಳುಬಿದ್ದಿತು, ಗಿಡ ಉಳಿಯಿತು. ಬರಹವಿಲ್ಲದೆ ಗೆಡ್ಡೆ ಮಾತ್ರ ಉಳಿದ ಪ್ರಸಂಗಕ್ಕೆ ಇದು ಒಳ್ಳೆಯ ನಿದರ್ಶನ.

೪

ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಕಾಣಬೇಕಾದರೆ ಚೀನಕ್ಕೆ ಹೋಗಬೇಕು. ಅಲ್ಲಿಯೂ ಪಿಯೊನಿಯ ಬೇರು ಬಹು ಪ್ರಾಚೀನ ಕಾಲದಿಂದ ಔಷಧವಾಗಿತ್ತು, ಇಂದಿಗೂ ಆಗಿದೆ. ಆದರೆ ಯುರೋಪಿಗಿಂತ ಬಹಳ ಮೊದಲೇ ಚೀನೀಯರು ಅದನ್ನು ಹೂವಿಗಾಗಿ ಬೆಳೆಸಿ, ತಳಿಗಳನ್ನು ಆರಿಸಿ, ಒಂದೊಂದಕ್ಕೂ ಹೆಸರಿಟ್ಟರು. ಮರಪಿಯೊನಿಯನ್ನು ಹೂಗಳ ರಾಜನೆಂದೂ, ಷಾವೊಯಾವೊ ಎಂಬ ಮೃದುಕಾಂಡದ ಪಿಯೊನಿಯನ್ನು ಹೂಗಳ ಮಂತ್ರಿಯೆಂದೂ ಕರೆಯುವುದು ಅಲ್ಲಿಯ ವಾಡಿಕೆ. ರಾಜನಿಗೆ ಲುವೊಯಾಂಗ್ ನಗರ ಪ್ರಸಿದ್ಧವಾದಂತೆ, ಮಂತ್ರಿಗೆ ಯಾಂಗ್‌ಜೌ ನಗರ ಪ್ರಸಿದ್ಧವಾಯಿತು.

ಉತ್ತರ ಸುಂಗ್ ವಂಶದ ಆಳ್ವಿಕೆಯಲ್ಲಿ ಯಾಂಗ್‌ಜೌ ನಗರದ ಪಿಯೊನಿಯನ್ನು ಕುರಿತು ಹಲವು ಗ್ರಂಥಗಳು ಹುಟ್ಟಿದುವು. ಅವುಗಳಲ್ಲಿ ಮೊದಲನೆಯದು ಲಿಯು ಬಾನ್ ಎಂಬ ವಿದ್ವಾಂಸ ೧೦೭೩ರಲ್ಲಿ ರಚಿಸಿದುದು. ಅದರಲ್ಲಿ ೩೧ ತಳಿಗಳ ವಿವರಣೆಯಿದೆ. ಒಂದೆರಡು ವರ್ಷಗಳ ತರುವಾಯ ಅದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಂಗ್ ಗುವಾನ್ ಎಂಬುವನು ಹೊಸದಾಗಿ ೮ ತಳಿಗಳನ್ನು ಸೇರಿಸಿ ಒಟ್ಟು ೩೯ ತಳಿಗಳನ್ನು ವರ್ಣಿಸಿದನು. ಈತನ ಗ್ರಂಥದ ಹಿರಿಮೆ ತಳಿಗಳ ಪಟ್ಟಿಯಲ್ಲಿ ಮಾತ್ರವಿಲ್ಲ. ಬೆಳೆಸುವ ಕ್ರಮದ ನಿರೂಪಣೆಯಲ್ಲಿದೆ. ಅದರ ಸಾರಾಂಶ ಹೀಗೆ: ಚಾಂದ್ರಮಾನದ ಒಂಬತ್ತು ಹತ್ತನೆಯ ತಿಂಗಳುಗಳಲ್ಲಿ ಗೆಡ್ಡೆಗಳನ್ನು ಪೂರ್ತಿಯಾಗಿ ಹೊರತೆಗೆಯಬೇಕು. ಸಿಹಿನೀರಿನಲ್ಲಿ ತೊಳೆದು, ಮುದಿಯಾದ, ಗಡುಸಾದ, ಕೊಳೆತ ಭಾಗಗಳನ್ನು ಕೆತ್ತಿಹಾಕಬೇಕು. ಹಳೆಯ ಮಣ್ಣನ್ನು ಬದಲಾಯಿಸಿ, ಮರಳು ಗೊಬ್ಬರಗಳನ್ನು ಹದವಾಗಿ ಬೆರೆಸಿ ನೆಡಬೇಕು. ಎರಡು ಮೂರು ವರ್ಷಗಳಿಗೊಮ್ಮೆ ಗೆಡ್ಡೆಯನ್ನು ಸೀಳಬೇಕು. ಸೀಳದೆ ಬಿಟ್ಟರೆ ಹಳೆಯ ಬೇರು ಹೊಸ ಮೊಳಕೆಯನ್ನು ಕೆಡಿಸುತ್ತದೆ. ಪದೇ ಪದೇ ಸೀಳಿದರೆ ಹೂವು ಸಣ್ಣದಾಗುತ್ತದೆ. ಹೂವು ಉದುರಿದೊಡನೆ ಕಾಯಿಗಳನ್ನು ಕತ್ತರಿಸಿಬಿಟ್ಟರೆ ಗಿಡದ ಸತ್ತ್ವ ಬೇರಿಗೆ ಹಿಂದಿರುಗಿ ಮರುವರ್ಷದ ಹೂವು ತುಂಬಿ ಬರುತ್ತದೆ.

ಇದನ್ನು ಮೇಲೆ ಹೇಳಿದ ಇಂದಿನ ಕ್ರಮದೊಡನೆ ಹೋಲಿಸಿ ನೋಡಬಹುದು. ನೆಡುವ ಋತು, ಕೊಳೆತ ಭಾಗವನ್ನು ತೆಗೆಯುವುದು, ಕಾಯಿ ಕಟ್ಟಲು ಬಿಡದಿರುವುದು, ಇವೆಲ್ಲ ಸುಮಾರು ೯೫೦ ವರ್ಷಗಳ ಮೇಲೂ ಹಾಗೆಯೇ ನಿಂತಿವೆ. ವ್ಯತ್ಯಾಸ ಕಾಣುವುದು ಸೀಳುವ ಅವಧಿಯಲ್ಲಿ ಮಾತ್ರ. ಇಂದಿನ ಮನೆಯ ತೋಟಗಾರರು ಹತ್ತು ಹದಿನೈದು ವರ್ಷ ಗಿಡವನ್ನು ಅಲುಗಿಸದೆ ಬಿಡುತ್ತಾರೆ. ಯಾಂಗ್‌ಜೌ ನಗರದವರು ಎರಡು ಮೂರು ವರ್ಷಗಳಿಗೇ ಅಗೆದರು. ಇದರ ಕಾರಣಕ್ಕೂ ವಾಂಗ್ ಗುವಾನನ ಗ್ರಂಥದಲ್ಲಿಯೇ ಸುಳಿವಿದೆ. ಪಿಯೊನಿಯ ಗೆಡ್ಡೆಗಳನ್ನು ಬಿದಿರುಚಾಪೆಯ ಬುಟ್ಟಿಗಳಲ್ಲಿ ತುಂಬಿದರೆ ಒಬ್ಬನೇ ಮನುಷ್ಯ ನೂರಾರು ಗಿಡಗಳನ್ನು ಆಯಾಸವಿಲ್ಲದೆ ದೂರದೂರಕ್ಕೆ ಹೊತ್ತೊಯ್ಯಬಹುದೆಂದು ಆತ ಹೇಳುತ್ತಾನೆ. ಎಂದರೆ ಅಲ್ಲಿಯ ಬೆಳೆಗಾರರಿಗೆ ಗೆಡ್ಡೆ ಮಾರಾಟದ ಸರಕೂ ಆಗಿತ್ತು. ಸರಕನ್ನು ಹೆಚ್ಚಿಸಿಕೊಳ್ಳಬೇಕಾದವರು ಬೇಗ ಬೇಗ ಸೀಳಿದುದು ಸಹಜವೇ ಆಗಿದೆ.

ಆ ನಗರದ ಜನಜೀವನದ ಚಿತ್ರವೂ ಆ ಗ್ರಂಥದಲ್ಲಿ ದೊರೆಯುತ್ತದೆ. ಬಡವ ಬಲ್ಲಿದರೆಂಬ ಭೇದವಿಲ್ಲದೆ ಜನರು ಹೂ ಮುಡಿಯುತ್ತಿದ್ದರು. ವಸಂತದಲ್ಲಿ ಕಾಯ್‌ಮಿಂಗ್ ಸೇತುವೆಯ ಬಳಿ ಬೆಳಗಿನ ಜಾವದಲ್ಲಿಯೇ ಹೂವಿನ ಸಂತೆ ಕೂಡುತ್ತಿತ್ತು. ಜೂ ಎಂಬ ಮನೆತನದವರ ಎರಡು ತೋಟಗಳಲ್ಲಿ ಐವತ್ತು ಅರವತ್ತು ಸಾವಿರ ಗಿಡಗಳಿದ್ದುವು. ಹೂವಿನ ಕಾಲದಲ್ಲಿ ಮಂಟಪಗಳನ್ನು ಸಿಂಗರಿಸಿ, ತಿಂಗಳಿಗೂ ಮೀರಿ ಬರುವ ನೋಟಕರನ್ನು ಆ ಮನೆಯವರು ಬೇಸರವಿಲ್ಲದೆ ಬರಮಾಡಿಕೊಳ್ಳುತ್ತಿದ್ದರು.

ಈ ವೈಭವ ಅಧಿಕಾರದ ಕಣ್ಣಿಗೆ ಬಿದ್ದಾಗ ಏನಾಯಿತೆಂಬುದನ್ನು ಕವಿಯೂ ರಾಜಕಾರಣಿಯೂ ಆದ ಸು ಷಿ ಬರೆದಿಟ್ಟಿದ್ದಾನೆ. ಯಾಂಗ್‌ಜೌ ನಗರದ ಹಿಂದಿನ ಅಧಿಕಾರಿಯೊಬ್ಬನು ಲುವೊಯಾಂಗಿನ ಮಾದರಿಯಲ್ಲಿ 'ಹತ್ತು ಸಾವಿರ ಹೂಗಳ ಕೂಟ' ಎಂಬ ಉತ್ಸವವನ್ನು ಆರಂಭಿಸಿದ್ದನು. ಹೆಸರಿನಲ್ಲಿ ಹತ್ತು ಸಾವಿರವಾದರೂ ಅದಕ್ಕೆ ಕೊಯ್ದ ಹೂವಿನ ಕಡ್ಡಿಗಳು ಒಂದು ಲಕ್ಷಕ್ಕೂ ಮಿಕ್ಕಿದುವು. ಜನರ ತೋಟಗಳು ಹಾಳಾದುವು. ಆ ನೆಪದಲ್ಲಿ ಕೆಳಗಿನ ನೌಕರರು ಪ್ರಜೆಗಳನ್ನು ಸುಲಿದರು. ೧೦೯೨ರಲ್ಲಿ ಸು ಷಿ ಆ ಪ್ರಾಂತಕ್ಕೆ ಅಧಿಕಾರಿಯಾಗಿ ಬಂದು, ಪ್ರಜೆಗಳ ಕಷ್ಟವೇನೆಂದು ವಿಚಾರಿಸಿ, ಮೊಟ್ಟಮೊದಲು ಮಾಡಿದ ಕೆಲಸ ಈ ಉತ್ಸವವನ್ನು ನಿಲ್ಲಿಸಿದುದು. ಹೂವಿನ ಮೇಲಿನ ಪ್ರೀತಿಯಲ್ಲಿ ಆತ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ತೋಟದ ಒಡೆಯನು ತಾನಾಗಿ ಬಾಗಿಲು ತೆರೆದು ತೋರಿಸುವ ಹೂವಿಗೂ, ಸರಕಾರ ಕೊಯ್ದು ತರಿಸುವ ಹೂವಿಗೂ ಇರುವ ಅಂತರವನ್ನು ಆತ ಬಲ್ಲವನಾಗಿದ್ದನು.

೧೨ನೆಯ ಶತಮಾನದಲ್ಲಿ ಜಿನ್ ರಾಜ್ಯದ ಸೇನೆಗಳು ೧೧೨೯ರಲ್ಲಿಯೂ ೧೧೬೧ರಲ್ಲಿಯೂ ಮಾಡಿದ ದಾಳಿಗಳಿಂದ ನಗರ ಪಾಳಾಯಿತು. ೧೧೭೬ರಲ್ಲಿ ಅಲ್ಲಿಗೆ ಬಂದ ಕವಿ ಜಿಯಾಂಗ್ ಕುಯಿ ತನ್ನ ಪ್ರಸಿದ್ಧ ಗೀತದಲ್ಲಿ ಸೇತುವೆಯ ಪಕ್ಕದ ಕೆಂಪು ಪಿಯೊನಿಯನ್ನು ಹೆಸರಿಸಿದ್ದಾನೆ. ಹಾಳು ಊರಿನ ನಡುವೆಯೂ ಗೆಡ್ಡೆಗಳು ಜೀವ ಹಿಡಿದಿದ್ದುವು ಎಂದು ಅದರಿಂದ ತಿಳಿಯಬಹುದು. ಆದರೆ ಅವುಗಳ ಹೆಸರು ಬಲ್ಲವರ ಪರಂಪರೆ ಕಡಿಯಿತು. ವಾಂಗ್ ಗುವಾನ್ ವರ್ಣಿಸಿದ ೩೯ ತಳಿಗಳಲ್ಲಿ ಇಂತಹದು ಇಂದಿನ ಇಂತಹ ಗಿಡವೇ ಎಂದು ತೋರಿಸಿಕೊಡುವ ಅವಿಚ್ಛಿನ್ನ ಸಾಕ್ಷ್ಯ ನಮಗಿಲ್ಲ. ಹಳೆಯ ಹೆಸರನ್ನು ಹೊಸ ಗಿಡಕ್ಕೆ ಇಡುವುದು ಸುಲಭ. ಹೆಸರು ಒಂದೇ ಆದ ಮಾತ್ರಕ್ಕೆ ಗಿಡ ಒಂದೇ ಆಗಲಾರದು. ಸ್ಟೀಪ್ ಹೋಮಿನಲ್ಲಿ ಗೆಡ್ಡೆ ಉಳಿದು ಬರಹ ಇಲ್ಲವಾಯಿತು. ಯಾಂಗ್‌ಜೌ ನಗರದಲ್ಲಿ ಬರಹ ಉಳಿದು ಗೆಡ್ಡೆಯ ಗುರುತು ತಪ್ಪಿತು.

೫

ಚೀನದ ಪಿಯೊನಿ ಯುರೋಪಿಗೆ ತಲಪಿದುದು ತಡವಾಗಿ. ಉತ್ತರ ಏಷ್ಯದಲ್ಲಿ ಸಂಚರಿಸಿದ ಪಲ್ಲಾಸ್ ಎಂಬ ವಿದ್ವಾಂಸ ೧೭೭೬ರಲ್ಲಿ ಈ ಜಾತಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ೧೯ನೆಯ ಶತಮಾನದ ಮೊದಲ ದಶಕದಲ್ಲಿ, ಸರ್ ಜೋಸೆಫ್ ಬ್ಯಾಂಕ್ಸ್ ಮೊದಲಾದವರ ಆಸಕ್ತಿಯಿಂದ, ಚೀನದ ತೋಟಗಳ ದಳತುಂಬಿದ ತಳಿಗಳು ಇಂಗ್ಲೆಂಡನ್ನು ಸೇರಿದುವು. ಅವುಗಳ ಬೀಜದಿಂದ ಹೊಸ ತಳಿಗಳನ್ನು ಪಡೆಯುವ ಕಾರ್ಯ ಮುಖ್ಯವಾಗಿ ಫ್ರಾನ್ಸಿನಲ್ಲಿ ನಡೆಯಿತು. ಲೆಮೊನ್ ಎಂಬುವನು ೧೮೨೪ರಲ್ಲಿ 'ಎಡ್ಯೂಲಿಸ್ ಸೂಪರ್ಬಾ' ಎಂಬ ಗುಲಾಬಿ ಬಣ್ಣದ ತಳಿಯನ್ನೂ, ಮಿಯೆಲ್ಲೆ ಎಂಬುವನು ೧೮೫೧ರಲ್ಲಿ 'ಫೆಸ್ಟಿವಾ ಮ್ಯಾಕ್ಸಿಮಾ' ಎಂಬ ಬಿಳಿಯ ತಳಿಯನ್ನೂ, ಕಲೋ ಎಂಬುವನು ೧೮೫೬ರಲ್ಲಿ 'ಡಚೆಸ್ ದ ನಮೂರ್' ಎಂಬುದನ್ನೂ ಹೊರತಂದರು. ಕಲೋನ ಸಂಗ್ರಹ ನಾನ್ಸಿ ನಗರದ ಕ್ರೂಸನ ಕೈಸೇರಿ, ಅವನಿಂದ ಲಮ್ವಾನ್ ಮನೆತನಕ್ಕೆ ಬಂದಿತು. ಆ ಮನೆತನದವರು ೧೯೦೬ರಲ್ಲಿ ಹೊರತಂದ 'ಸಾರಾ ಬರ್ನಾರ್' ಇಂದಿಗೂ ಹೂವಿನ ಮಾರುಕಟ್ಟೆಗಳಲ್ಲಿ ಹೆಸರುವಾಸಿಯಾಗಿದೆ.

ಈ ತಳಿಗಳೆಲ್ಲ ಇಂದಿಗೂ ತೋಟಗಳಲ್ಲಿ ಬೆಳೆಯುತ್ತಿವೆ. 'ಫೆಸ್ಟಿವಾ ಮ್ಯಾಕ್ಸಿಮಾ' ತಳಿಯ ಬಿಳಿಯ ದಳಗಳ ನಡುವೆ ಅಲ್ಲಲ್ಲಿ ರಕ್ತದ ಹನಿ ಸಿಡಿದಂತೆ ಕೆಂಪು ಚುಕ್ಕೆಗಳಿರುತ್ತವೆ. ಇಂದು ಯಾವ ಊರಿನಲ್ಲಿಯಾದರೂ ಸರಿ, ನಿಜವಾದ ಆ ಗಿಡ ಹೂ ಬಿಟ್ಟರೆ, ಅದು ೧೮೫೧ರ ಆ ಒಂದು ಗಿಡದ ಶರೀರದ ಭಾಗವೇ. ಶಾಸನದ ಪ್ರತಿಯಲ್ಲಿ ಲಿಪಿಕಾರನ ದೋಷ ನುಸುಳಬಹುದು. ಇಲ್ಲಿ ಮೂಲ, ಪ್ರತಿ ಎಂಬ ಭೇದವೇ ಇಲ್ಲ. ಆದುದರಿಂದಲೇ ಇದನ್ನು ನಾವು ದಾಖಲೆಯೆಂದು ಕರೆದುದು.

ಆದರೆ ಗೆಡ್ಡೆಗೆ ಬಾಯಿಲ್ಲ. ತನ್ನ ಹೆಸರನ್ನು ಅದು ತಾನಾಗಿ ಹೇಳದು. ಮಣ್ಣಿನಲ್ಲಿರುವಾಗಲಂತೂ ಬಿಳಿಯ ಹೂವಿನ ಗೆಡ್ಡೆಗೂ ಕೆಂಪು ಹೂವಿನ ಗೆಡ್ಡೆಗೂ ಭೇದ ತಿಳಿಯುವುದು ಕಷ್ಟ. ಈ ತೊಡಕು ಉಲ್ಬಣಿಸಿದುದು ಅಮೆರಿಕದಲ್ಲಿ.

೬

ಉತ್ತರ ಅಮೆರಿಕದ ಚಳಿ ಪಿಯೊನಿಗೆ ಹೇಳಿ ಮಾಡಿಸಿದಂತಹದು. ಹೊಸ ನೆಲಗಳಿಗೆ ವಲಸೆ ಹೋದ ಕುಟುಂಬಗಳು ಹಳೆಯ ಮನೆಯ ಹಿತ್ತಿಲಿನಿಂದ ಗೆಡ್ಡೆಯ ತುಂಡುಗಳನ್ನು ಜತೆಯಲ್ಲಿ ಒಯ್ದುವು. ಮನೆಯಂಗಳದಲ್ಲಿ ಮಾತ್ರವಲ್ಲದೆ ಹಿರಿಯರ ಸಮಾಧಿಗಳ ಬಳಿಯಲ್ಲಿಯೂ ಅವನ್ನು ನೆಡುವ ರೂಢಿ ಬೆಳೆಯಿತು. ಅಂತರ್ಯುದ್ಧದಲ್ಲಿ ಮಡಿದವರ ಸಮಾಧಿಗಳಿಗೆ ಹೂವಿಡುವ ದಿನವನ್ನು ೧೮೬೮ರಲ್ಲಿ ಮೇ ೩೦ಕ್ಕೆ ಗೊತ್ತುಮಾಡಿದರು. ಹಲವು ರಾಜ್ಯಗಳಲ್ಲಿ ಪಿಯೊನಿ ಅರಳುವುದೂ ಆ ಸುಮಾರಿಗೇ. ಹೀಗೆ ಈ ಹೂವು ಅಲ್ಲಿಯ ಜನರ ಸ್ಮರಣೆಯೊಡನೆ ಬೆರೆತುಕೊಂಡಿತು. ೧೯೫೭ರಲ್ಲಿ ಇಂಡಿಯಾನ ಸಂಸ್ಥಾನವು ಇದನ್ನೇ ತನ್ನ ಹೂವೆಂದು ಅಂಗೀಕರಿಸಿತು.

ಬೇಡಿಕೆ ಹೆಚ್ಚಿದಂತೆ ಹೆಸರುಗಳ ಗೊಂದಲವೂ ಹೆಚ್ಚಿತು. ೧೯ನೆಯ ಶತಮಾನದ ಅಂತ್ಯದ ವೇಳೆಗೆ ಒಂದೇ ಗಿಡ ಹಲವು ಹೆಸರುಗಳಲ್ಲಿಯೂ, ಒಂದೇ ಹೆಸರು ಹಲವು ಗಿಡಗಳಿಗೂ ನಡೆಯುತ್ತಿತ್ತು. ಯುರೋಪಿನಿಂದ ಬಂದ ಕಟ್ಟುಗಳಲ್ಲಿ ಚೀಟಿಗಳು ಕಳೆದುಹೋಗಿದ್ದುವು. ಕೆಲವರು ಹಳೆಯ ತಳಿಗೆ ಹೊಸ ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರಿದ್ದರು. ಕೂಟಶಾಸನಗಳ ಪರಿಚಯವಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಸ್ಥಿತಿ ಹೊಸದೆನಿಸಲಾರದು. ಹಣ ಕೊಟ್ಟು ಕೊಂಡವನು ಮೂರು ವರ್ಷ ಕಾದ ಮೇಲೆ ತಾನು ಬಯಸಿದುದಲ್ಲದ ಹೂವನ್ನು ಕಾಣುತ್ತಿದ್ದನು.

ಇದರ ಪರಿಹಾರಕ್ಕಾಗಿಯೇ ಮುಖ್ಯವಾಗಿ ೧೯೦೩ರಲ್ಲಿ ಅಮೆರಿಕನ್ ಪಿಯೊನಿ ಸೊಸೈಟಿ ಹುಟ್ಟಿತು. ಅದು ಕಾರ್ನೆಲ್ ವಿಶ್ವವಿದ್ಯಾನಿಲಯದ ಸಹಕಾರವನ್ನು ಪಡೆಯಿತು. ಅನುಸರಿಸಿದ ಮಾರ್ಗ ಚರಿತ್ರಕಾರನ ಮಾರ್ಗವೇ ಆಗಿದೆ. ಬೆಳೆಗಾರರು ತಮ್ಮಲ್ಲಿದ್ದ ಗಿಡಗಳನ್ನು, ತಾವು ಬಳಸುತ್ತಿದ್ದ ಹೆಸರುಗಳೊಡನೆ, ಇಥಾಕಾ ಊರಿನ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅವನ್ನೆಲ್ಲ ಒಂದೇ ನೆಲದಲ್ಲಿ ಅಕ್ಕಪಕ್ಕದಲ್ಲಿ ನೆಟ್ಟರು. ಒಂದು ಕಡೆ ಹಳೆಯ ವರ್ಣನೆಗಳನ್ನೂ ಬೆಲೆಪಟ್ಟಿಗಳನ್ನೂ ಶೋಧಿಸಿ ಹೆಸರುಗಳನ್ನು ಕಲೆಹಾಕಿದರು. ಕಾಯ್ಟ್ ಎಂಬ ವಿದ್ವಾಂಸರು ಸಿದ್ಧಪಡಿಸಿದ ಆ ಹೆಸರುಗಳ ಪಟ್ಟಿ ೧೯೦೭ರಲ್ಲಿ ಪ್ರಕಟವಾಯಿತು. ಇನ್ನೊಂದು ಕಡೆ ಗಿಡಗಳು ಬಲಿತು ನಿಜರೂಪದ ಹೂವನ್ನು ಕೊಡುವವರೆಗೆ ಕಾದು, ದಳ, ಬಣ್ಣ, ಪರಿಮಳ, ಕಾಂಡ, ಅರಳುವ ಕಾಲ ಇವುಗಳನ್ನು ಒಂದೊಂದಾಗಿ ಬರೆದುಕೊಂಡು ಮೂಲ ವರ್ಣನೆಯೊಡನೆ ತಾಳೆನೋಡಿದರು. ಫಲಿತಾಂಶಗಳು ಮುಂದಿನ ಕೆಲವು ವರ್ಷಗಳಲ್ಲಿ ಕಾರ್ನೆಲ್ಲಿನ ಪ್ರಕಟಣೆಗಳಾಗಿ ಹೊರಬಂದುವು. ಯಾವುದು ಮೂಲ, ಯಾವುದು ಪರ್ಯಾಯನಾಮ, ಯಾವುದು ತಪ್ಪು ಹೆಸರು ಎಂಬುದು ಬಹುಮಟ್ಟಿಗೆ ನಿರ್ಣಯವಾಯಿತು. ಆ ಸೊಸೈಟಿಯೇ ೧೯೭೪ರಲ್ಲಿ ಪಿಯೊನಿಯ ತಳಿಗಳ ಹೆಸರುಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಅಧಿಕಾರವನ್ನು ಪಡೆಯಿತು.

ಈ ಕಾರ್ಯದಲ್ಲಿ ಒಂದು ಅಂಶ ವಿಶೇಷವಾಗಿ ಗಮನಿಸಬೇಕಾದುದು. ಬರಹವನ್ನು ಓದಿದ ವಿದ್ವಾಂಸನಿಗೆ ಗೆಡ್ಡೆ ಬೇಕಾಯಿತು; ಗೆಡ್ಡೆಯನ್ನು ಉಳಿಸಿದ ಬೆಳೆಗಾರನಿಗೆ ಬರಹ ಬೇಕಾಯಿತು. ಹತ್ತಾರು ವರ್ಷಗಳ ಕಾಲ ಮನೆಯ ತೋಟಗಳಲ್ಲಿಯೂ ಸಣ್ಣ ಬೆಳೆಗಾರರ ಮಡಿಗಳಲ್ಲಿಯೂ ಆ ಗೆಡ್ಡೆಗಳು ಉಳಿಯದಿದ್ದರೆ ಹೋಲಿಸಿ ನೋಡಲು ಯಾವ ಆಧಾರವೂ ಇರುತ್ತಿರಲಿಲ್ಲ.

೭

ನಂಬಿಕೆಯನ್ನು ಪರೀಕ್ಷಿಸುವ ಥಿಯೊಫ್ರಾಸ್ಟಸನ ಕೆಲಸ ಇಂದಿಗೂ ಮುಗಿದಿಲ್ಲ. ಪಿಯೊನಿಯ ಮೊಗ್ಗುಗಳ ಮೇಲೆ ಇರುವೆಗಳು ಸದಾ ಹರಿದಾಡುತ್ತವೆ. ಅವು ಹರಿದಾಡದಿದ್ದರೆ ಮೊಗ್ಗು ಬಿರಿಯದೆಂಬ ಮಾತು ತೋಟ ಬೆಳೆಸುವವರಲ್ಲಿ ಪ್ರಚಾರದಲ್ಲಿದೆ. ವಾಸ್ತವವಾಗಿ ಮೊಗ್ಗಿನ ಹೊರ ಎಸಳುಗಳು ಒಸರುವ ಸಿಹಿಯಾದ ರಸಕ್ಕಾಗಿ ಇರುವೆಗಳು ಬರುತ್ತವೆ. ಅವು ಇಲ್ಲದೆಯೂ ಹೂವು ಅರಳುತ್ತದೆ. ಮರಕುಟಿಗದ ಜಾಗದಲ್ಲಿ ಇರುವೆ ಬಂದು ಕುಳಿತಿದೆ, ಅಷ್ಟೆ.

ಹಾಗೆಯೇ ಕಾಯುವ ಕೆಲಸವೂ ಮುಗಿದಿಲ್ಲ. ಜಪಾನಿನ ತೋಯಿಚಿ ಇತೋ ಎಂಬುವರು ೧೯೪೮ರಲ್ಲಿ ಮೃದುಕಾಂಡದ ಪಿಯೊನಿಗೂ ಹಳದಿ ಹೂವಿನ ಮರಪಿಯೊನಿಗೂ ಸಂಕರ ಮಾಡಿ ಬೀಜ ಪಡೆದರು. ಅದಕ್ಕೆ ಮೊದಲು ಹಲವರು ಯತ್ನಿಸಿ ಸೋತಿದ್ದ ಕೆಲಸವದು. ಇತೋ ಅವರು ೧೯೫೬ರಲ್ಲಿ ತೀರಿಕೊಂಡರು. ಅವರ ಸಸಿಗಳು ಹಳದಿ ಹೂವನ್ನು ಬಿಟ್ಟುದು ಆ ಬಳಿಕ. ನಾಲ್ಕು ತಳಿಗಳು ಅಮೆರಿಕದಲ್ಲಿ ನೋಂದಣಿಯಾದುದು ೧೯೭೪ರಲ್ಲಿ. ಇಂದು ಆ ವರ್ಗದ ಗಿಡಗಳೆಲ್ಲ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ನೆಟ್ಟವನೇ ಹೂವನ್ನು ಕಾಣಬೇಕೆಂಬ ನಿಯಮ ಈ ಗಿಡದಲ್ಲಿಲ್ಲ. ಉಳಿದವರು ಸಸಿಗಳನ್ನು ನೋಡಿಕೊಂಡರು, ಯಾರದೆಂದು ಹೇಳಿದರು. ಆದುದರಿಂದ ಹೂವೂ ಹೆಸರೂ ಉಳಿದುವು.

ಇದುವರೆಗಿನ ವಿಚಾರದಿಂದ ಹೊರಡುವ ತಾತ್ಪರ್ಯ ಹೀಗಿದೆ. ಪಿಯೊನಿ ಔಷಧವಾಗಿ ಆರಂಭವಾಗಿ, ಹೂವಾಗಿ ಬೆಳೆದು, ಹೆಸರುಳ್ಳ ತಳಿಗಳಾಗಿ ನೆಲೆನಿಂತಿತು. ಮೂರು ಹಂತಗಳಲ್ಲಿಯೂ ಅದರ ಆಯುಷ್ಯ ನೆಲದ ಕೆಳಗಿನ ಗೆಡ್ಡೆಯಲ್ಲಿ ಅಡಗಿತ್ತು. ಅದನ್ನು ಆಳುವವರು ಉತ್ಸವಕ್ಕಾಗಿ ಕೊಯ್ಯಿಸಿದರು, ದಾಳಿಕಾರರು ತುಳಿದರು, ವರ್ತಕರಲ್ಲಿ ಕೆಲವರು ಸುಳ್ಳು ಹೆಸರಿನಿಂದ ಮಾರಿದರು. ಒಂದೆರಡು ಅಂಗುಲ ಮಣ್ಣಿನ ಕೆಳಗೆ ಅದನ್ನು ಸರಿಯಾಗಿ ಇಟ್ಟು, ಶರತ್ಕಾಲದಲ್ಲಿ ಒಣಗಿದುದನ್ನು ಕೊಯ್ದು, ನೆರೆಯವರಿಗೂ ಮಕ್ಕಳಿಗೂ ಒಂದು ತುಂಡನ್ನು ಸೀಳಿ ಕೊಟ್ಟವರು ಹೆಸರಿಲ್ಲದ ಮನೆಯವರು. ಅವರು ಕೊಡುವಾಗ ಗಿಡದ ಹೆಸರನ್ನೂ ಹೇಳಿ ಕೊಟ್ಟಲ್ಲೆಲ್ಲ ಚರಿತ್ರೆ ಉಳಿದಿದೆ. ಹೇಳದೆ ಕೊಟ್ಟಲ್ಲಿ ಹೂವು ಮಾತ್ರ ಉಳಿದಿದೆ.

ನಮ್ಮ ನಾಡಿನ ಹವೆಯಲ್ಲಿ ಪಿಯೊನಿ ಬೆಳೆಯದಿದ್ದರೂ ಈ ಪಾಠ ನಮಗೆ ಹೊರಗಿನದಲ್ಲ. ಬೇರು, ಗೆಡ್ಡೆ, ಕಡ್ಡಿ, ಕಸಿಗಳಿಂದ ಉಳಿದುಬಂದ ಹಣ್ಣು ಹೂಗಳ ಹಳೆಯ ತಳಿಗಳು ನಮ್ಮ ಹಿತ್ತಿಲುಗಳಲ್ಲಿಯೂ ಇವೆ. ಅವುಗಳ ಹೆಸರುಗಳು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುವುದುಂಟು. ಗ್ರಾಮಕ್ಕೆ ಹೋಗಿ ಶಾಸನವನ್ನು ಓದುವ ವಿದ್ಯಾರ್ಥಿಯು ಅದೇ ಗ್ರಾಮದ ಹಿತ್ತಿಲಿನಲ್ಲಿ ನಿಂತಿರುವ ಗಿಡದ ಹೆಸರನ್ನೂ, ಅದು ಯಾರ ಮನೆಯಿಂದ ಬಂದಿತೆಂಬುದನ್ನೂ ಕೇಳಿ ಬರೆದುಕೊಳ್ಳುವುದು ಉಚಿತ. ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು. ಹೇಳುವ ಹಿರಿಯರು ಅಷ್ಟು ಕಾಲ ಕಾಯಲಾರರು.